ಎರಡಕ್ಕೂ ಹದಿಮೂರಕ್ಕೂ ನಡುವೆ

ಕಾಂಡೋಮ್ ನೂರಕ್ಕೆ 98ರಷ್ಟು ಖಾತ್ರಿ. ಅದೇ ಕಾಂಡೋಮ್ ಬಳಸುವ ನೂರು ಜೋಡಿಗಳಲ್ಲಿ 13 ಜೋಡಿಗೆ ವರ್ಷದೊಳಗೆ ಗರ್ಭ ನಿಲ್ಲುತ್ತದೆ. ಎರಡೂ ಮಾತು ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಅದರ ಬೆಲೆ ತೆರುವವಳು ಹೆಣ್ಣು.

1952. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಾದಿಯ ರಾಮನಗರಂ. ಬಂಡೆಬೆಟ್ಟಗಳ, ರೇಷ್ಮೆಗೂಡಿನ ಊರು. ಅಲ್ಲಿನ ಹೆಣ್ಣುಮಕ್ಕಳ ಕೈಗೆ ಒಂದೊಂದು ಮಣಿಸರ ಬಂತು. ಸರದಲ್ಲಿ 28 ಮಣಿ. ಕಿತ್ತಳೆ ಬಣ್ಣದವು ಮುಟ್ಟಿನ ದಿನಗಳಿಗೆ. ಹಸಿರು ಮಣಿ ಎಂದರೆ ಭಯವಿಲ್ಲ. ಕೆಂಪು ಮಣಿಯ ದಿನ ಗಂಡನಿಂದ ದೂರ. ದಿನಕ್ಕೊಂದು ಮಣಿ ಸರಿಸುತ್ತ ಹೋಗಬೇಕು.

ಸರದ ಹಿಂದಿದ್ದವರು ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್. ಅವರನ್ನು ಕಳಿಸಿದ್ದು ವಿಶ್ವ ಆರೋಗ್ಯ ಸಂಸ್ಥೆ, ಕರೆಸಿಕೊಂಡದ್ದು ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್. ಗಾಂಧೀಜಿಯ ಶಿಷ್ಯೆಯಾಗಿದ್ದ ಸಚಿವೆಗೆ ರಬ್ಬರು, ಔಷಧಗಳ ದಾರಿ ಹಿಡಿಸುತ್ತಿರಲಿಲ್ಲ. ಸಂಯಮದಿಂದಲೇ ಸಾಧಿಸೋಣ ಎಂಬ ನಂಬಿಕೆ ಅವರದು. ಹಾಗಾಗಿ 'ಸುರಕ್ಷಿತ ದಿನ'ಗಳ ಪ್ರಯೋಗಕ್ಕೆ ಎರಡು ಜಾಗ ಆಯ್ಕೆಯಾದವು: ದೆಹಲಿಯ ಲೋದಿ ಕಾಲೊನಿ, ನಮ್ಮ ರಾಮನಗರಂ.

ತೊಡಕು ಬೇಗ ಶುರುವಾಯಿತು. ರಾತ್ರಿಯ ಮಬ್ಬು ಬೆಳಕಿನಲ್ಲಿ ಕೆಂಪು ಯಾವುದು, ಹಸಿರು ಯಾವುದು? ದುಂಡು ಮಣಿ, ಚೌಕ ಮಣಿ ಎಂದು ಆಕಾರವನ್ನೇ ಬದಲಿಸಿ ನೋಡಿದರು. ಮಣಿ ಸರಿಸಿದರೆ ಸಾಕು, ಬಸಿರು ನಿಲ್ಲುವುದಿಲ್ಲ ಎಂದು ನಂಬಿದವರೂ ಇದ್ದರು. ಮುಟ್ಟು ಒಂದು ತಿಂಗಳು ಮುಂಚೆ, ಇನ್ನೊಂದು ತಿಂಗಳು ತಡವಾಗುವವರಿಗೆ ಸರ ಹೊಂದಲೇ ಇಲ್ಲ. ಮೊದಲು ಉತ್ಸಾಹದಿಂದ ಬಂದವರಲ್ಲಿ ಕೊನೆವರೆಗೂ ಪಾಲಿಸಿದವರು ಕೆಲವೇ ಮಂದಿ. ಪ್ರಯೋಗ ಸೋತಿತು.

ಕೆಂಪು ಮಣಿಯ ರಾತ್ರಿ 'ಇವತ್ತು ಬೇಡ' ಎಂದರೆ ಗಂಡ ಕೇಳುತ್ತಾನೆಯೇ? ಸರ ನಡೆಯಬೇಕಾದರೆ ಮೊದಲು ಇದಕ್ಕೆ ಉತ್ತರ ಬೇಕಿತ್ತು. ಎಣಿಕೆ ಹೆಂಡತಿಯದು, ತೀರ್ಮಾನ ಗಂಡನದು ಎಂಬ ಮನೆಯಲ್ಲಿ ಯಾವ ಲೆಕ್ಕಾಚಾರ ತಾನೇ ನಿಂತೀತು?

ಜುಲೈ 11ರ ಜಾಥಾ ಮುಗಿದ ಮೇಲೆ

ಜುಲೈ 11 ವಿಶ್ವ ಜನಸಂಖ್ಯಾ ದಿನ. ಶಾಲಾ ಮಕ್ಕಳ ಜಾಥಾ, ಬ್ಯಾನರು, ಭಾಷಣ ಎಲ್ಲ ನಡೆಯುತ್ತವೆ. ಆದರೆ ಕರ್ನಾಟಕಕ್ಕೆ ಜನಸಂಖ್ಯೆಯ ಆತಂಕ ಹಳೆಯದಾಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿ ಒಬ್ಬ ಹೆಣ್ಣು ಹೆರುವ ಮಕ್ಕಳ ಸರಾಸರಿ 1.7. ಜನಸಂಖ್ಯೆ ಇದ್ದಷ್ಟೇ ಇರಲು ಬೇಕಾದ 2.1ಕ್ಕಿಂತ ಇದು ಕಡಿಮೆ.

ಮುಗಿಯದೇ ಉಳಿದಿರುವುದು ಒಬ್ಬೊಬ್ಬ ಹೆಣ್ಣಿನ ತಿಂಗಳ ಆತಂಕ. ಈ ಸಲ ಮುಟ್ಟು ಯಾಕೆ ತಡ? ಮಾತ್ರೆ ಎರಡು ದಿನ ಬಿಟ್ಟೆನಲ್ಲ, ಏನಾದರೂ ಆದರೆ? 2015ರಲ್ಲಿ ಭಾರತದಲ್ಲಿ ನಿಂತ 4.81 ಕೋಟಿ ಗರ್ಭಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬಯಸದೇ ಬಂದವು, ಆ ವರ್ಷ 1.56 ಕೋಟಿ ಗರ್ಭಪಾತಗಳಾದವು ಎಂದು 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜಿಸಿತು. ಏನನ್ನೂ ಬಳಸದೆ ಬಸಿರಾದವರು ಇದರಲ್ಲಿದ್ದಾರೆ. ಏನನ್ನೋ ನೆಚ್ಚಿಕೊಂಡು ಮೋಸಹೋದವರೂ ಇದ್ದಾರೆ.

ಈ ಎರಡನೆಯ ಗುಂಪಿನ ಬಗ್ಗೆ ನಾವು ಮಾತಾಡುವುದೇ ಇಲ್ಲ. 'ಜಾಗ್ರತೆ ಮಾಡಿರಲಿಲ್ಲವಾ?' ಎಂದು ಆಸ್ಪತ್ರೆಯಲ್ಲಿ ಗದರಿಸಿಕೊಂಡು ಅವರು ತಲೆ ತಗ್ಗಿಸುತ್ತಾರೆ. ಮಾಡಿದ ಜಾಗ್ರತೆಯ ಬಲ ಎಷ್ಟೆಂದು ಅವರಿಗೆ ಮೊದಲೇ ಹೇಳಿದ್ದವರು ಯಾರು?

ನೂರು ಹೆಣ್ಣು, ಒಂದು ವರ್ಷ

ಬಲ ಅಳೆಯುವ ಕ್ರಮ ತೋರಿಸಿದವರು ಅಮೆರಿಕದ ಜೀವವಿಜ್ಞಾನಿ ರೇಮಂಡ್ ಪರ್ಲ್. 1933ರಲ್ಲಿ ಅವರು ಕೊಟ್ಟ ಸೂತ್ರ ಸರಳ: ಒಂದು ವಿಧಾನವನ್ನು ನೂರು ಹೆಣ್ಣುಮಕ್ಕಳು ಒಂದು ವರ್ಷ ಬಳಸಿದರೆ ಎಷ್ಟು ಗರ್ಭ ನಿಲ್ಲುತ್ತದೆ? ಇಂದಿಗೂ ಅದು ಪರ್ಲ್ ಸೂಚ್ಯಂಕವೆಂದೇ ಹೆಸರಾಗಿದೆ.

ಮುಂದೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜೇಮ್ಸ್ ಟ್ರಸೆಲ್ ಮತ್ತು ಸಂಗಡಿಗರು ಈ ಲೆಕ್ಕವನ್ನು ಎರಡಾಗಿ ಬಿಡಿಸಿದರು. ಪ್ರತಿ ಸಲವೂ, ಒಂದಿಷ್ಟೂ ಲೋಪವಿಲ್ಲದೆ ಬಳಸಿದರೆ ಎಷ್ಟು? ಸಂಸಾರಸ್ಥರು ನಿಜವಾಗಿ ಬಳಸುವಂತೆ ಬಳಸಿದರೆ ಎಷ್ಟು? ಪೊಟ್ಟಣದ ಮೇಲಿನ ಹೊಗಳಿಕೆ ಮೊದಲನೆಯದು. ಮನೆಯೊಳಗಿನ ಸತ್ಯ ಎರಡನೆಯದು.

ಕಾಂಡೋಮಿಗೆ ಈ ಎರಡು ಅಂಕಿ 2 ಮತ್ತು 13. ಛತ್ರಿಯನ್ನು ಮನೆಯಲ್ಲೇ ಬಿಟ್ಟುಬಂದು ನೆನೆದವರನ್ನೂ 'ಛತ್ರಿ ಇದ್ದವರು' ಎಂದೇ ಎಣಿಸಿದ ಹಾಗೆ, ಬೀರುವಿನಲ್ಲಿ ಪೊಟ್ಟಣವಿದ್ದೂ ಆ ರಾತ್ರಿ ಹಾಕಿಕೊಳ್ಳದವರು ಆ ಹದಿಮೂರರಲ್ಲಿ ಸೇರಿರುತ್ತಾರೆ. ಅರ್ಧದಲ್ಲಿ ಹಾಕಿಕೊಂಡವರಿರುತ್ತಾರೆ. ಕೊಬ್ಬರಿ ಎಣ್ಣೆ ಹಚ್ಚಿ ರಬ್ಬರು ಹರಿದವರಿರುತ್ತಾರೆ. ಲೇಟೆಕ್ಸ್‌ಗೆ ಎಣ್ಣೆ ತಾಗಿದರೆ ನಿಮಿಷಗಳಲ್ಲೇ ಅದು ಬಲಗುಂದುತ್ತದೆ. ಪ್ಯಾಂಟಿನ ಹಿಂಜೇಬಿನ ಪರ್ಸಿನಲ್ಲಿ ತಿಂಗಳುಗಟ್ಟಲೆ ಬೆಚ್ಚಗೆ ಕೂತ ಪೊಟ್ಟಣದ್ದೂ ಅದೇ ಗತಿ. ಹಾಗೆಂದು ಅದನ್ನು ಕೈಬಿಡುವಂತಿಲ್ಲ. ಎಚ್‌ಐವಿಯಿಂದಲೂ ಲೈಂಗಿಕ ಸೋಂಕುಗಳಿಂದಲೂ ಕಾಯುವ ಗರ್ಭನಿರೋಧಕ ಕಾಂಡೋಮ್ ಒಂದೇ.

ಇನ್ನೊಂದು ವಿಷಯವನ್ನು ಎಲ್ಲರೂ ಮರೆಯುತ್ತಾರೆ: ಇದು ಒಂದು ವರ್ಷದ ಅಂಕಿ. ಮದುವೆ ಒಂದು ವರ್ಷದ್ದಲ್ಲ. ವರ್ಷಕ್ಕೆ 13ರಂತೆಯೇ ಸೋಲುತ್ತ ಹೋದರೆ ಐದು ವರ್ಷದಲ್ಲಿ ನೂರರಲ್ಲಿ ಸುಮಾರು 50 ಮಂದಿಗೆ ಗರ್ಭ ನಿಂತಿರುತ್ತದೆ. ಕೈಪಳಗಿದ ಹಾಗೆ ಸೋಲು ಕಡಿಮೆಯಾಗುವುದರಿಂದ ನಿಜದಲ್ಲಿ ಅಷ್ಟಾಗದು. ಆದರೂ ಮೊದಲ ಮಗುವಿಗೂ ಎರಡನೆಯದಕ್ಕೂ ಐದು ವರ್ಷದ ಅಂತರ ಬೇಕೆನ್ನುವ ದಂಪತಿಗೆ ಈ ಲೆಕ್ಕ ಮುಖ್ಯ. ಅದೇ ಐದು ವರ್ಷಕ್ಕೆ ಕಾಪರ್-ಟಿ ಹಾಕಿಸಿಕೊಂಡ ನೂರು ಮಂದಿಯಲ್ಲಿ ಗರ್ಭ ನಿಲ್ಲುವುದು ಹೆಚ್ಚೆಂದರೆ ನಾಲ್ವರಿಗೆ.

ಚೌಕಟ್ಟು: ನೂರರಲ್ಲಿ ಎಷ್ಟು ಮಂದಿಗೆ?
ಮೊದಲ ವರ್ಷದಲ್ಲಿ ಗರ್ಭ ನಿಲ್ಲುವವರು. ಮೊದಲ ಅಂಕಿ ದಿನನಿತ್ಯದ ಬಳಕೆಯದು, ಎರಡನೆಯದು ಲೋಪವಿಲ್ಲದ ಬಳಕೆಯದು. ಅಂಕಿಗಳು ಮುಖ್ಯವಾಗಿ ಅಮೆರಿಕದ ಸಮೀಕ್ಷೆಗಳವು.
ಏನೂ ಬಳಸದಿದ್ದರೆ: 85
ಹೊರಗೆ ಸ್ಖಲಿಸುವುದು: 20, 4
ಕಾಂಡೋಮ್: 13, 2
ದಿನದ ಮಾತ್ರೆ: 7, 0.3
ಮೂರು ತಿಂಗಳ ಸೂಜಿ: 4, 0.2
ಕಾಪರ್-ಟಿ (ವಂಕಿ): 0.8, 0.6
ಹೆಣ್ಣಿನ ಆಪರೇಷನ್: 0.5, 0.5
ಗಂಡಿನ ಆಪರೇಷನ್: 0.15, 0.1
ತೋಳಿನ ಇಂಪ್ಲಾಂಟ್: 0.1, 0.1

ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿ. ದಿನದಿನವೂ ನೆನಪಿಡಬೇಕಾದ ವಿಧಾನಗಳಲ್ಲಿ ಎರಡು ಅಂಕಿಗಳ ನಡುವಿನ ಅಂತರ ದೊಡ್ಡದು. ಒಮ್ಮೆ ಹಾಕಿಸಿ ಮರೆತುಬಿಡಬಹುದಾದ ವಿಧಾನಗಳಲ್ಲಿ ಅಂತರ ಇಲ್ಲವೆನ್ನುವಷ್ಟು ಕಡಿಮೆ. ಬೆಳಿಗ್ಗೆ ಐದಕ್ಕೆ ಎದ್ದು ನೀರು ಹಿಡಿದು, ಡಬ್ಬಿ ಕಟ್ಟಿ, ಗಾರ್ಮೆಂಟ್ಸ್ ಬಸ್ಸು ಹತ್ತುವ ಹೆಣ್ಣುಮಗಳಿಗೆ ಒಂದು ಮಾತ್ರೆ ಮರೆಯುವುದು ಬೇಜವಾಬ್ದಾರಿ ಅಲ್ಲ. ಅವಳ ದಿನವೇ ಹಾಗಿದೆ. ಸಲಹೆ ಕೊಡುವವರು ಮೊದಲು ಕೇಳಬೇಕಾದದ್ದು ಆ ದಿನದ ಬಗ್ಗೆ.

ಇಪ್ಪತ್ತೆಂಟು ಗುಳಿಗೆ

ಆಶಾ ಕಾರ್ಯಕರ್ತೆಯ ಚೀಲದಿಂದ ಒಂದು 'ಮಾಲಾ-ಎನ್' ಪಟ್ಟಿ ತೆಗೆದು ನೋಡಿ. ಇಪ್ಪತ್ತೊಂದು ಬಿಳಿ ಗುಳಿಗೆ, ಏಳು ಗಾಢ ಬಣ್ಣದವು. ಬಿಳಿಯದರಲ್ಲಿ ಹಾರ್ಮೋನು. ಉಳಿದ ಏಳರಲ್ಲಿ ಇರುವುದು ಬರೀ ಕಬ್ಬಿಣಾಂಶ. 'ಒಂದು ವಾರ ಬಿಟ್ಟು ಮತ್ತೆ ಶುರುಮಾಡು' ಎಂದರೆ ಎಣಿಕೆ ತಪ್ಪುತ್ತದೆ ಎಂದೇ ಆ ಏಳನ್ನು ಸೇರಿಸಿರುವುದು. ದಿನಕ್ಕೊಂದು ನುಂಗುತ್ತಿದ್ದರೆ ಸಾಕು, ಕ್ಯಾಲೆಂಡರ್ ನೋಡುವ ಕೆಲಸವಿಲ್ಲ.

ಬಣ್ಣದ ಗುಳಿಗೆ ತಪ್ಪಿದರೆ ಏನೂ ಆಗುವುದಿಲ್ಲ. ಪಟ್ಟಿಯ ನಡುವೆ ಒಂದು ಬಿಳಿ ಗುಳಿಗೆ ತಪ್ಪಿದರೂ ದೊಡ್ಡ ಅಪಾಯವಿಲ್ಲ. ನಿಜವಾದ ಅಪಾಯವಿರುವುದು ಹೊಸ ಪಟ್ಟಿಯನ್ನು ತಡವಾಗಿ ಶುರುಮಾಡುವುದರಲ್ಲಿ. ಬಣ್ಣದ ಗುಳಿಗೆಯ ಏಳು ದಿನ ಅಂಡಾಶಯಕ್ಕೆ ಹಾರ್ಮೋನಿನ ತಡೆ ಇರುವುದಿಲ್ಲ. ಇನ್ನೆರಡು ಮೂರು ದಿನ ಹಾಗೆಯೇ ಬಿಟ್ಟರೆ ಅಂಡಾಣು ಬಿಡುಗಡೆಗೆ ಸಜ್ಜಾಗಿಬಿಡುತ್ತದೆ. 'ತವರಿಗೆ ಹೋಗಿದ್ದೆ, ಪಟ್ಟಿ ತಗೊಂಡು ಹೋಗಿರ್ಲಿಲ್ಲ ಅಕ್ಕಾ' ಎನ್ನುವವರ ಕಥೆ ಕೆಡುವುದು ಬಹುಪಾಲು ಇಲ್ಲಿ.

ನಮ್ಮ ದೇಶದಲ್ಲಿ ಇನ್ನೊಂದನ್ನು ಒತ್ತಿ ಹೇಳಲೇಬೇಕು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಔಷಧ ಮಾತ್ರೆಯ ಹಾರ್ಮೋನನ್ನು ಯಕೃತ್ತಿನಲ್ಲಿ ಬೇಗ ಒಡೆದುಹಾಕುತ್ತದೆ. ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪಿನ್ ಔಷಧಗಳೂ ಅಷ್ಟೇ. ಒಂದು ದಿನವೂ ತಪ್ಪದೆ ನುಂಗಿಯೂ ಬಸಿರಾದವಳು ಸುಳ್ಳು ಹೇಳುತ್ತಿಲ್ಲ. ಟಿಬಿ ಔಷಧ ಕೊಡುವ ಮೇಜಿನಲ್ಲೇ ಈ ಎಚ್ಚರಿಕೆಯೂ ಸಿಗಬೇಕು. ರಕ್ತದೊತ್ತಡ ಇರುವವರು, ಕಣ್ಣಿಗೆ ಮಿಂಚು ಹೊಡೆದಂತಾಗಿ ಮೈಗ್ರೇನ್ ಬರುವವರು, 35 ದಾಟಿದ್ದೂ ಧೂಮಪಾನ ಮಾಡುವವರು ಈ ಮಾತ್ರೆಯಿಂದ ದೂರವಿರಬೇಕು.

ಹಾರ್ಮೋನಿಲ್ಲದ ಮಾತ್ರೆಯೊಂದು ನಮ್ಮಲ್ಲೇ ಹುಟ್ಟಿದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಅದು ಮೊದಲು 'ಸಹೇಲಿ' ಎಂಬ ಹೆಸರಿನಲ್ಲಿ ಬಂತು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ 'ಛಾಯಾ' ಹೆಸರಿನಲ್ಲಿ ಉಚಿತ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು.

ಚೌಕಟ್ಟು: ಮಾತ್ರೆ ತಪ್ಪಿದರೆ
ಒಂದು ಬಿಳಿ ಗುಳಿಗೆ ಮರೆತರೆ ನೆನಪಾದ ಕೂಡಲೇ ನುಂಗಿ, ಆ ದಿನದ್ದನ್ನು ಎಂದಿನ ಹೊತ್ತಿಗೆ ತೆಗೆದುಕೊಳ್ಳಿ. ಎರಡು ಅಥವಾ ಹೆಚ್ಚು ತಪ್ಪಿದ್ದರೆ ಪಟ್ಟಿ ಮುಂದುವರಿಸುತ್ತಲೇ ಏಳು ದಿನ ಕಾಂಡೋಮ್ ಬಳಸಿ. ನುಂಗಿದ ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಿ.

'ಹಾಲು ಕುಡಿಸ್ತಿದೀನಲ್ಲ ಅಕ್ಕಾ'

ಬಾಣಂತಿಯರ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಈ ಮಾತು ಕೇಳಿ ಕೇಳಿ ರೂಢಿ. ಹಾಲೂಡಿಸುವ ತಾಯಿಗೆ ಬಸಿರು ನಿಲ್ಲುವುದಿಲ್ಲ ಎಂಬ ನಂಬಿಕೆ ಸುಳ್ಳಲ್ಲ, ಆದರೆ ಅದಕ್ಕೆ ಮೂರು ಷರತ್ತು. ಮಗುವಿಗೆ ಆರು ತಿಂಗಳು ತುಂಬಿರಬಾರದು. ಹಗಲು ರಾತ್ರಿ ತಾಯಿಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು. ಮುಟ್ಟು ಮರಳಿರಬಾರದು. ಮೂರೂ ಇದ್ದರೆ ನೂರರಲ್ಲಿ ಇಬ್ಬರಿಗೆ ಮಾತ್ರ ಗರ್ಭ ನಿಲ್ಲುತ್ತದೆ. ಒಂದು ಷರತ್ತು ಮುರಿದರೂ ರಕ್ಷಣೆ ಹೋಯಿತು. ರಾಗಿ ಸರಿ ಶುರುಮಾಡಿದ ದಿನ ಬೇರೆ ದಾರಿಯನ್ನೂ ಶುರುಮಾಡಬೇಕು. ಮುಟ್ಟು ಬರಲಿ ಎಂದು ಕಾಯುವಂತಿಲ್ಲ, ಮೊದಲ ಮುಟ್ಟಿಗೆ ಮುಂಚೆಯೇ ಅಂಡಾಣು ಬಿಡುಗಡೆಯಾಗಬಹುದು.

ಸುರಕ್ಷಿತ ದಿನಗಳ ಲೆಕ್ಕದ್ದೂ ಹೀಗೆಯೇ. ಅಂಡಾಣು ಬದುಕುವುದು ಒಂದು ದಿನ, ವೀರ್ಯಾಣು ಐದು ದಿನ. ತಿಂಗಳಲ್ಲಿ ಗರ್ಭ ನಿಲ್ಲಬಹುದಾದ ದಿನಗಳು ಸುಮಾರು ಆರು. ಆ ಆರು ಯಾವುವೆಂದು ಮುಂಚೆಯೇ ತಿಳಿಯುವುದೇ ಕಷ್ಟ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ಮಣಿಸರವನ್ನು ಹೊಸದಾಗಿ ರೂಪಿಸಿದರು: ಮುಟ್ಟು 26ರಿಂದ 32 ದಿನಕ್ಕೊಮ್ಮೆ ಬರುವವರಿಗೆ ಮಾತ್ರ, 8ನೇ ದಿನದಿಂದ 19ನೇ ದಿನದವರೆಗೆ ದೂರವಿರಬೇಕು, ಆ ದಿನಗಳ ಬಿಳಿ ಮಣಿಗಳು ಕತ್ತಲಲ್ಲೂ ಹೊಳೆಯುತ್ತವೆ. 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ದಿನನಿತ್ಯದ ಬಳಕೆಯ ಸೋಲು ನೂರಕ್ಕೆ 12, ಲೋಪವಿಲ್ಲದಿದ್ದರೆ 5. ಹನ್ನೆರಡು ದಿನ ದೂರವಿರಲು ಗಂಡನೂ ಒಪ್ಪಿದ ಮನೆಗಳ ಫಲಿತಾಂಶ ಅದು.

ವಂಕಿ, ಸೂಜಿ, 72 ಗಂಟೆ

ಕಾಪರ್-ಟಿಯನ್ನು ಹಳ್ಳಿಯಲ್ಲಿ 'ವಂಕಿ' ಎನ್ನುತ್ತಾರೆ. ಅದರ ಬಗ್ಗೆ ಇರುವಷ್ಟು ಭಯ ಬೇರಾವುದರ ಬಗ್ಗೆಯೂ ಇಲ್ಲ. 'ಹೊಟ್ಟೆಯೊಳಗೆ ಮೇಲೆ ಏರುತ್ತಂತೆ', 'ಗಂಡನಿಗೆ ಚುಚ್ಚುತ್ತಂತೆ'. ಮೊದಲ ತಿಂಗಳುಗಳಲ್ಲಿ ಮುಟ್ಟಿನ ರಕ್ತಸ್ರಾವ, ಹೊಟ್ಟೆನೋವು ಹೆಚ್ಚಬಹುದು ಎಂಬುದು ನಿಜ. ಅದನ್ನು ಮೊದಲೇ ಹೇಳಿದ್ದರೆ ಅರ್ಧ ಮಂದಿ ತೆಗೆಸಿಕೊಳ್ಳಲು ಓಡಿಬರುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಸರ್ಕಾರಿ ಆಸ್ಪತ್ರೆಯ ಕಾಪರ್-ಟಿಗಳಲ್ಲಿ 380-ಎ ಹತ್ತು ವರ್ಷ ಬರುತ್ತದೆ, 375 ಐದು ವರ್ಷ. ಬೇಕೆಂದಾಗ ತೆಗೆಸಿದರೆ ಮುಂದಿನ ತಿಂಗಳೇ ಬಸಿರಾಗಬಹುದು. ಹೆರಿಗೆಯಾದ 48 ಗಂಟೆಯೊಳಗೆ ಹಾಕಿದ್ದು ಜಾರಿಬೀಳುವ ಸಂಭವ ಹೆಚ್ಚು. ಆದ್ದರಿಂದ ಆರು ವಾರಕ್ಕೆ ತಪ್ಪದೆ ತೋರಿಸಿಕೊಳ್ಳಬೇಕು.

'ಅಂತರ' ಸೂಜಿ ಮೂರು ತಿಂಗಳಿಗೊಮ್ಮೆ. ಯಾರಿಗೂ ಕಾಣದು, ಪಟ್ಟಿ ಬಚ್ಚಿಡಬೇಕಿಲ್ಲ, ಅತ್ತೆ ಮನೆಯಲ್ಲಿ ಮಾತು ಬರುವುದಿಲ್ಲ. ಆದರೆ ಮುಟ್ಟು ಏರುಪೇರಾಗುತ್ತದೆ, ಹಲವರಿಗೆ ನಿಂತೇಹೋಗುತ್ತದೆ. ಇದು ಗೊತ್ತಿಲ್ಲದವರು ಬಸಿರೆಂದು ಹೆದರಿ ಮುಂದಿನ ಸೂಜಿಗೆ ಬರುವುದಿಲ್ಲ. ನೂರಕ್ಕೆ ನಾಲ್ಕು ಸೋಲು ಹುಟ್ಟುವುದು ಹೀಗೆ ತಪ್ಪಿದ ಸೂಜಿಗಳಿಂದ. ತೋಳಿನ ಚರ್ಮದಡಿ ಇಡುವ ನಾಲ್ಕು ಸೆಂಟಿಮೀಟರ್ ಉದ್ದದ ಇಂಪ್ಲಾಂಟ್ ಮೂರು ವರ್ಷ ಕೆಲಸ ಮಾಡುತ್ತದೆ. ಬೆಂಗಳೂರು, ಬೀದರ್‌ಗಳಿಗೆ ಪ್ರಾಯೋಗಿಕವಾಗಿ ಅದನ್ನು ತರುವುದಾಗಿ ರಾಜ್ಯದ ಆರೋಗ್ಯ ಇಲಾಖೆ 2023ರಲ್ಲಿ ಪ್ರಕಟಿಸಿತು.

ಇನ್ನು ಮೆಡಿಕಲ್ ಶಾಪಿನ ತುರ್ತು ಮಾತ್ರೆ. ಲೈಂಗಿಕ ಸಂಪರ್ಕವಾದ 72 ಗಂಟೆಯೊಳಗೆ ನುಂಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಅದು ಅಂಡಾಣುವಿನ ಬಿಡುಗಡೆಯನ್ನು ಮುಂದೂಡುತ್ತದೆ. ಅಂಡಾಣು ಆಗಲೇ ಹೊರಬಂದಿದ್ದರೆ ಅದರಿಂದ ಪ್ರಯೋಜನವಿಲ್ಲ, ನಿಂತ ಗರ್ಭವನ್ನು ಅದು ತೆಗೆಯುವುದೂ ಇಲ್ಲ. ಬಿಡುಗಡೆ ಮುಂದಕ್ಕೆ ಹೋಗಿರುವುದರಿಂದ ಅದೇ ತಿಂಗಳ ಉಳಿದ ದಿನಗಳೇ ಹೆಚ್ಚು ಅಪಾಯದವು. ಇದನ್ನು ಯಾವ ಜಾಹೀರಾತೂ ಹೇಳಲಿಲ್ಲ. ಐದು ದಿನದೊಳಗೆ ಕಾಪರ್-ಟಿ ಹಾಕಿಸಿಕೊಳ್ಳುವುದು ತುರ್ತು ದಾರಿಗಳಲ್ಲೆಲ್ಲ ಖಾತ್ರಿಯಾದದ್ದು.

ಚೌಕಟ್ಟು: ಮೈಸೂರು, 1930
1930ರ ಜೂನ್ 11. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಮೈಸೂರು ಸಂಸ್ಥಾನ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಆದೇಶ ಹೊರಡಿಸಿತು. ಸರ್ಕಾರವೇ ನಡೆಸಿದ ಇಂಥ ಚಿಕಿತ್ಸಾಲಯಗಳಲ್ಲಿ ಇವೇ ಜಗತ್ತಿಗೆ ಮೊದಲು ಎಂದು ಗುರುತಿಸಲಾಗುತ್ತದೆ. ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆ 1921ರಲ್ಲೇ ಖಾಸಗಿಯಾಗಿ ಚಿಕಿತ್ಸಾಲಯ ತೆರೆದಿದ್ದರು. ಭಾರತ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮ 1952ರದು.

'ಎರಡಾದ ಮೇಲೆ ಆಪರೇಷನ್'

ಅಷ್ಟು ಮುಂಚೆ ಶುರುಮಾಡಿದ ನಾಡು ಎಲ್ಲಿಗೆ ಬಂದು ನಿಂತಿದೆ? 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ನೂರಕ್ಕೆ 68 ಮಂದಿ ಆಧುನಿಕ ವಿಧಾನ ಬಳಸುತ್ತಿದ್ದರು. ಅವರಲ್ಲಿ 57 ಮಂದಿಯದು ಹೆಣ್ಣಿನ ಆಪರೇಷನ್. ಮಾತ್ರೆ, ವಂಕಿ, ಸೂಜಿ, ಕಾಂಡೋಮ್ ಎಲ್ಲ ಸೇರಿ ಉಳಿದ ಹನ್ನೊಂದು.

ಮದುವೆ, ಬೆನ್ನಿಗೇ ಮಗು, ಸ್ವಲ್ಪದರಲ್ಲೇ ಇನ್ನೊಂದು, ಆಮೇಲೆ ಆಪರೇಷನ್. ಇಪ್ಪತ್ತೈದರ ಹೊತ್ತಿಗೆ ಎಲ್ಲ ಮುಗಿಯಿತು. ಅಂತರ ಕಾಯುವ ಸಾಧನಗಳು ಆ ಹೆಣ್ಣಿನ ಬದುಕಿನಲ್ಲಿ ಹಾದುಹೋಗಲೇ ಇಲ್ಲ. ಮೈಗೆ ರಕ್ತ ತುಂಬಿಕೊಳ್ಳುವ ಮೊದಲೇ ಮತ್ತೊಂದು ಬಸಿರು. ನನಗೆ ಸಂಕಟವಾಗುವುದು ಇದಕ್ಕೆ. ಆಪರೇಷನ್ ತಪ್ಪೆಂದಲ್ಲ. ಅದಕ್ಕೆ ಮುಂಚಿನ ಐದಾರು ವರ್ಷ ಅವಳಿಗೆ ಯಾವ ಆಯ್ಕೆಯನ್ನೂ ನಾವು ನಂಬಿಕೆ ಬರುವಂತೆ ವಿವರಿಸಲಿಲ್ಲ.

ಆಪರೇಷನ್ ಕೂಡ ಸೋಲುತ್ತದೆ. ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಹತ್ತು ವರ್ಷದಲ್ಲಿ ಸಾವಿರಕ್ಕೆ 18.5 ಮಂದಿಗೆ ಗರ್ಭ ನಿಂತಿತ್ತು. ಹೆರಿಗೆಯ ಬೆನ್ನಲ್ಲೇ ಅಂಡನಾಳವನ್ನು ಕತ್ತರಿಸಿ ಕಟ್ಟುವ ವಿಧಾನದಲ್ಲಿ ಸೋಲು ಕಡಿಮೆ, ಸಾವಿರಕ್ಕೆ 7.5. ಎಳೆಯ ವಯಸ್ಸಿನಲ್ಲಿ ಮಾಡಿಸಿಕೊಂಡರೆ ಹೆಚ್ಚು, ಏಕೆಂದರೆ ಫಲವತ್ತತೆಯ ವರ್ಷಗಳು ಇನ್ನೂ ಬಾಕಿ ಇರುತ್ತವೆ. ಇಪ್ಪತ್ನಾಲ್ಕಕ್ಕೇ ಆಪರೇಷನ್ ಆಗುವ ನಮ್ಮ ಹೆಣ್ಣುಮಕ್ಕಳಿಗೆ ಈ ಮಾತು ನೇರವಾಗಿ ತಟ್ಟುತ್ತದೆ. ಆಪರೇಷನ್ ಆದಮೇಲೂ ಮುಟ್ಟು ನಿಂತರೆ 'ಏನೂ ಇರಲ್ಲ ಬಿಡು' ಎಂದು ಸುಮ್ಮನಿರಬಾರದು. ಹಾಗೆ ನಿಂತ ಗರ್ಭ ನಾಳದಲ್ಲೇ ಬೆಳೆಯುವ ಸಂಭವ ಹೆಚ್ಚು. ನಾಳ ಒಡೆದರೆ ಜೀವಕ್ಕೇ ಅಪಾಯ.

ಸರ್ಕಾರಿ ಒಪ್ಪಿಗೆ ಪತ್ರದಲ್ಲಿ ಇದೆಲ್ಲ ಅಚ್ಚಾಗಿದೆ: ಆಪರೇಷನ್ ವಿಫಲವಾಗಬಹುದು, ಮುಟ್ಟು ತಪ್ಪಿದರೆ ಎರಡು ವಾರದೊಳಗೆ ಬಂದು ತಿಳಿಸಬೇಕು. 2005ರಲ್ಲಿ ಪಂಜಾಬ್ ಸರ್ಕಾರ ಮತ್ತು ಶಿವರಾಂ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆಪರೇಷನ್ ಸೋತ ಮಾತ್ರಕ್ಕೆ ವೈದ್ಯರ ನಿರ್ಲಕ್ಷ್ಯ ಎನ್ನಲಾಗದು ಎಂದಿತು. ಕಾನೂನಿನ ದೃಷ್ಟಿಯಿಂದ ಸರಿ. ಆದರೆ ಹೆರಿಗೆ ನೋವಿನ ನಡುವೆ, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಅವಸರದಲ್ಲಿ ಆ ಸಾಲನ್ನು ಅವಳಿಗೆ ಓದಿ ಹೇಳಿದವರು ಯಾರು? 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸ್‌ಪುರದ ಶಿಬಿರಗಳಲ್ಲಿ 13 ಹೆಣ್ಣುಮಕ್ಕಳು ಸತ್ತ ಮೇಲೆ, 2016ರಲ್ಲಿ ಇಂಥ ಶಿಬಿರಗಳನ್ನೇ ನಿಲ್ಲಿಸಲು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ವಿಫಲವಾದವರಿಗೆ ಸರ್ಕಾರದ ಪರಿಹಾರ ಯೋಜನೆ ಇದೆ. ಆಪರೇಷನ್ ಪ್ರಮಾಣಪತ್ರ ಜೋಪಾನವಾಗಿರಲಿ, ವಿಷಯ ತಿಳಿದ ಕೂಡಲೇ ಅರ್ಜಿ ಕೊಡಿ.

ಗಂಡಸರ ಆಪರೇಷನ್? ಸಮೀಕ್ಷೆಯ ಕರ್ನಾಟಕದ ಹಾಳೆಯಲ್ಲಿ ಆ ಅಂಕಿ 0.0. ತುರ್ತುಪರಿಸ್ಥಿತಿಯ 1976–77ರಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳಾದವು, ಬಹುಪಾಲು ಗಂಡಸರದು, ಬಹಳಷ್ಟು ಬಲವಂತದ್ದು. ಆ ಭಯ ಇನ್ನೂ ಹೋಗಿಲ್ಲ. ಎನ್‌ಎಸ್‌ವಿ ಎಂಬ ಈಗಿನ ಗಂಡಿನ ಆಪರೇಷನ್ನಿಗೆ ಚಾಕು ಬೇಡ, ಹೊಲಿಗೆ ಬೇಡ. ಅರ್ಧ ಗಂಟೆಯೊಳಗೆ ಮುಗಿದು ಅದೇ ದಿನ ಮನೆಗೆ ಹೋಗಬಹುದು. ಹೆಣ್ಣಿನ ಆಪರೇಷನ್ನಿಗಿಂತ ಸೋಲೂ ಕಡಿಮೆ, ತೊಡಕೂ ಕಡಿಮೆ. ಗಂಡಸುತನಕ್ಕೆ ಯಾವ ಕುಂದೂ ಇಲ್ಲ. ಒಂದೇ ಎಚ್ಚರ: ನಾಳದಲ್ಲಿ ಉಳಿದ ವೀರ್ಯಾಣು ಖಾಲಿಯಾಗಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಕಾಂಡೋಮ್, ಆಮೇಲೆ ವೀರ್ಯ ಪರೀಕ್ಷೆ. ಪರೀಕ್ಷೆ ಮಾಡಿಸದೆ, ಬಸಿರಾದ ಹೆಂಡತಿಯ ಮೇಲೆ ಅನುಮಾನಪಟ್ಟ ಗಂಡಂದಿರಿದ್ದಾರೆ.

ಎಲ್ಲ ಮಾಡಿಯೂ ನಿಂತರೆ

ಗರ್ಭನಿರೋಧಕ ವಿಫಲವಾಗಿ ನಿಂತ ಗರ್ಭವನ್ನು ತೆಗೆಸಿಕೊಳ್ಳಲು 1971ರ ಗರ್ಭಪಾತ ಕಾಯ್ದೆಯಲ್ಲೇ ಅವಕಾಶವಿತ್ತು. ಆದರೆ ಅಲ್ಲಿ ಬರೆದದ್ದು 'ವಿವಾಹಿತೆ ಅಥವಾ ಅವಳ ಗಂಡ' ಎಂದು. 2021ರ ತಿದ್ದುಪಡಿ ಅದನ್ನು 'ಯಾವುದೇ ಮಹಿಳೆ ಅಥವಾ ಅವಳ ಸಂಗಾತಿ' ಎಂದು ಬದಲಿಸಿತು. ಈ ಕಾರಣಕ್ಕೆ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ವಿವಾಹಿತೆ, ಅವಿವಾಹಿತೆ ಎಂದು ಭೇದ ಮಾಡಬಾರದೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿತು. ಮೊದಲ ವಾರಗಳಲ್ಲೇ ಹೋದರೆ ವೈದ್ಯರ ನಿಗಾದಲ್ಲಿ ಗುಳಿಗೆಗಳಿಂದಲೇ ಮುಗಿಯುತ್ತದೆ. ಅವಳ ಹೆಸರನ್ನು ಗುಟ್ಟಾಗಿಡುವುದು ಆಸ್ಪತ್ರೆಯ ಕಾನೂನುಬದ್ಧ ಹೊಣೆ. ಹದಿನೆಂಟು ತುಂಬಿದವಳಿಗೆ ಬೇಕಾದದ್ದು ಅವಳದೊಂದೇ ಸಹಿ. ಗಂಡನ ಸಹಿ ತರುವಂತೆ ಹೇಳುವ ಅಧಿಕಾರ ಯಾವ ಆಸ್ಪತ್ರೆಗೂ ಇಲ್ಲ.